ನಮ್ಮ ಕಡೆಯವನು

ಅವನು ತೀರಿಕೊಂಡ ಸುದ್ದಿ ಬಂದಾಗ ನಾನು ತಾಳವಾಡಿಯ ಗೊಬ್ಬರದಂಗಡಿಯ ಮುಂದೆ ನಿಂತಿದ್ದೆ. ಮೊಬೈಲು ನಮ್ಮ ಬೆಟ್ಟಕ್ಕೆ ಇನ್ನೂ ಹೊಸದು. ನಮ್ಮದು ತಮಿಳುನಾಡಿನ ಗಡಿ, ಕರ್ನಾಟಕದ ಟವರು ಸಿಕ್ಕರೆ ಮಾತು, ಇಲ್ಲದಿದ್ದರೆ ಬರೀ ಗೊರಗೊರ. ಫೋನು ಮಾಡಿದವನು ಗೆಟ್ಟವಾಡಿಯ ನನ್ನ ಹಳೆಯ ಗೆಳೆಯ. "ನಿಮ್ ಲಿಪ್ಟ್ರು ಓಗ್ಬುಟ್ಟ ಕಣ್ಲಾ" ಅಂದ. ಕಾಮಾಲೆ ಎಂದು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಆಗುವುದಿಲ್ಲ ಎಂದು ವಾಪಸು ಕಳಿಸಿದರಂತೆ. ಮಧ್ಯಾಹ್ನಕ್ಕೆ ಮಣ್ಣು. ನಾನು ಗೊಬ್ಬರ ಬಿಟ್ಟು ಬೈಕು ಹತ್ತಿದೆ.

ಈ ಬರಹದಲ್ಲಿ ಅವನ ಹೆಸರು ಬರೆಯುವುದಿಲ್ಲ. ಹೆಸರು ಮರೆತಿಲ್ಲ. ಹನ್ನೆರಡು ವರ್ಷ ನಮ್ಮ ಹೊಲದಲ್ಲಿ ಕೂಲಿ ಮಾಡಿದವನ ಹೆಸರನ್ನು ಯಾರು ಮರೆಯುತ್ತಾರೆ? ಆದರೆ ಆ ಹೆಸರನ್ನು ಎಲ್ಲರ ಎದುರು ಗಟ್ಟಿಯಾಗಿ ಕೂಗಬೇಕಾದ ಒಂದು ದಿನ ಬಂದಿತ್ತು. ಆಗ ನಾನು ಕೂಗಲಿಲ್ಲ. ಈಗ ಅದನ್ನು ಅಚ್ಚು ಹಾಕಿಸಿ ದೊಡ್ಡ ಮನುಷ್ಯನಾಗುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ವಾಲಿಬಾಲ್ ಆಡಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಬಲೆಯ ಆಚೆಯಿಂದ ಬಂದ ಚೆಂಡನ್ನು ಒಬ್ಬ ತಡೆಯುತ್ತಾನೆ. ಇನ್ನೊಬ್ಬ ಅದನ್ನು ಬಲೆಯ ಪಕ್ಕ ಮೇಲಕ್ಕೆ ಎತ್ತಿಕೊಡುತ್ತಾನೆ. ಮತ್ತೊಬ್ಬ ನೆಗೆದು ಹೊಡೆಯುತ್ತಾನೆ. ಚಪ್ಪಾಳೆಯೆಲ್ಲ ಹೊಡೆದವನಿಗೆ. ನಡುವೆ ಎತ್ತಿಕೊಟ್ಟವನಿಗೆ ಲಿಫ್ಟರ್ ಎಂದು ಹೆಸರು. ಯಾರಿಗೆ ಕೊಡಬೇಕು, ಎಷ್ಟು ಎತ್ತರಕ್ಕೆ ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತುಮಾಡುವವನು ಅವನೇ. ಆದರೆ ಅಷ್ಟು ಹೊತ್ತಿಗೆ ಜನರ ಕಣ್ಣು ಹೊಡೆಯುವವನ ಮೇಲೆ ಹೋಗಿಬಿಟ್ಟಿರುತ್ತದೆ. ನಾನು ಹೇಳುತ್ತಿರುವವನು ಲಿಫ್ಟರ್. ದಿಂಬಂ ಘಾಟಿಯಿಂದ ಕರ್ನಾಟಕದ ಗಡಿಯವರೆಗೆ ಅಂಥ ಇನ್ನೊಬ್ಬ ಲಿಫ್ಟರ್ ಇರಲಿಲ್ಲ.

ಆಳು ಗಿಡ್ಡ. ಭುಜ ಅಗಲ. ಬೆರಳುಗಳು ಬೆಳ್ಳುಳ್ಳಿ ಕಿತ್ತು ಕಿತ್ತು ದಪ್ಪವಾಗಿ ಬಿರಿದಿದ್ದವು. ಅಂಥ ಬೆರಳಿಗೆ ಚೆಂಡು ತಾಗಿದರೆ ಸದ್ದೇ ಕೇಳುತ್ತಿರಲಿಲ್ಲ. ಮಾತಾಡುವಾಗ ಎದುರಿನವರ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ, ಕಾಲು ನೋಡುತ್ತಿದ್ದ. ಬಹಳ ವರ್ಷ ನಾನು ಅದನ್ನು ವಿನಯ ಎಂದುಕೊಂಡಿದ್ದೆ. ಒಳಗೊಳಗೇ ಖುಷಿಯನ್ನೂ ಪಟ್ಟಿದ್ದೆ. ಒಂದು ದಿನ ಆಟಕ್ಕೆ ಮುಂಚೆ, "ಎಡಗಾಲ್ ಮಂಡಿ ಇಡ್ಕಂಡದೆ ಅಲ್ವಾ ಅಣ್ಣ? ಇವತ್ತು ಒಂದ್ಗೇಣು ಕಮ್ಮಿ ಎತ್ತಾಕ್ತೀನಿ, ನೆಗೀಬ್ಯಾಡ" ಎಂದ. ಮಂಡಿನೋವಿನ ವಿಚಾರ ನಾನು ಮನೆಯಲ್ಲೂ ಹೇಳಿರಲಿಲ್ಲ. ಅವನು ಇಷ್ಟು ವರ್ಷವೂ ನಮ್ಮೆಲ್ಲರ ಕಾಲು ನೋಡುತ್ತಿದ್ದದ್ದು ಯಾರು ಎಷ್ಟು ನೆಗೆಯುತ್ತಾರೆ ಎಂದು ಅಳೆಯುವುದಕ್ಕೆ.

ಈ ವಿದ್ಯೆ ಅವನು ಕಲಿತದ್ದು ಯಾವ ಮೈದಾನದಲ್ಲೂ ಅಲ್ಲ, ಕೋಸಿನ ಲಾರಿಯ ಬಳಿ. ಕೋಸು ತುಂಬುವಾಗ ಕೆಳಗೆ ಒಬ್ಬ ನಿಂತು ಎರಡೂ ಕೈಯಲ್ಲಿ ಎಸೆಯುತ್ತಾನೆ, ಲಾರಿಯ ಮೇಲೆ ಇನ್ನೊಬ್ಬ ಹಿಡಿದು ಜೋಡಿಸುತ್ತಾನೆ. ಅವನು ಎಸೆದರೆ ಮೇಲಿನವನು ಕೈ ಚಾಚಬೇಕಾಗಿರಲಿಲ್ಲ. ಕೋಸು ತಾನಾಗಿ ಬಂದು ಅಂಗೈಯಲ್ಲಿ ಕೂರುತ್ತಿತ್ತು. ಮೇಟ್ಟುಪಾಳಯದಿಂದ ಬಂದ ಲಾರಿಯವರು ಬೀಡಿ ಸೇದುವುದನ್ನು ಬಿಟ್ಟು ನೋಡುತ್ತಿದ್ದರು. ಅವರ ಜೊತೆ ಎಣಿಸಿ ಎಣಿಸಿ ಅವನ ಲೆಕ್ಕವೂ ತಮಿಳಾಗಿತ್ತು. ಕೋರ್ಟಿನಲ್ಲಿ ಕೂಡ "ಒಣ್ಣು" ಎಂದರೆ ಬಲೆಗೆ ಹತ್ತಿರದ ಚೆಂಡು, "ರೆಂಡು" ಎಂದರೆ ಎತ್ತರದ್ದು, "ಮೂಣು" ಎಂದರೆ ಹಿಂದಕ್ಕೆ. ಎದುರಿನವರಿಗೆ ತಮಿಳು ಬರುವುದಿಲ್ಲವೇ ಎಂದು ನಾವು ರೇಗಿಸಿದೆವು. ಮರುದಿನ ಅವನು "ಒಣ್ಣು" ಎಂದು ಕೂಗಿ ಮೂರನೆಯದನ್ನು ಎತ್ತಿದ. ಎದುರಿನ ತಂಡ ಮೋಸಹೋಯಿತು, ನಾವೂ ಹೋದೆವು. ಚೆಂಡು ಯಾರಿಗೂ ಸಿಗದೆ ಬಿತ್ತು. ಅವನು ನೆಲದ ಮೇಲೆ ಕೂತು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಹೊಲದಲ್ಲಿ ಅವನು ನನ್ನನ್ನು "ಬುದ್ದಿ" ಎನ್ನುತ್ತಿದ್ದ. ಅವರ ಕೇರಿಯವರು ನಮ್ಮ ಮನೆಯವರನ್ನು ಅಜ್ಜನ ಕಾಲದಿಂದ ಕರೆಯುವುದೇ ಹಾಗೆ. ನಮ್ಮ ಮನೆಯಲ್ಲಿ ಅವನು ಟೀ ಕುಡಿಯುತ್ತಿದ್ದದ್ದು ಕೊಟ್ಟಿಗೆಯ ಕಲ್ಲಿನ ಮೇಲೆ, ಬೇರೆ ಲೋಟದಲ್ಲಿ. ಆದರೆ ಸುಣ್ಣದ ಗೆರೆ ದಾಟಿ ಕೋರ್ಟಿನೊಳಗೆ ಕಾಲಿಟ್ಟರೆ ನಾನು "ಅಣ್ಣ". ಅಲ್ಲಿ ಎಲ್ಲರಿಗೂ ಒಂದೇ ಬಿಂದಿಗೆ, ಒಂದೇ ಚೆಂಬು. "ನಿದ್ದೆ ಮಾಡ್ತಿದ್ದೀಯಾ ಅಣ್ಣ, ಕೈ ಎತ್ತು!" ಎಂದು ಬೈಯುತ್ತಿದ್ದ, ಏಕವಚನದಲ್ಲೇ. ನನಗೆ ಅದು ಹಿತವಾಗಿತ್ತು. ನಾನು ಎಂಥ ಒಳ್ಳೆಯವನು ಎಂದು ಅನ್ನಿಸುತ್ತಿತ್ತು.

ಸುಗ್ಗಿ ಮುಗಿದ ಮೇಲೆ ನಮ್ಮ ಬೆಟ್ಟದಲ್ಲಿ ಒಂದು ವಾರ ವಾಲಿಬಾಲ್ ಪಂದ್ಯ ನಡೆಯುತ್ತಿತ್ತು. ಮೊದಲು ಊರಿಗೊಂದು ತಂಡವಿತ್ತು. ಊರಿಗೊಂದು ತಂಡ ಎಂದರೆ ಊರೂರಿಗೂ ಜಗಳ. ತಲೆ ಒಡೆದುಕೊಂಡದ್ದೂ ಉಂಟು. ಆಗ ನಿವೃತ್ತರಾಗಿದ್ದ ಡ್ರಿಲ್ ಮೇಷ್ಟ್ರು ಒಂದು ಪದ್ಧತಿ ಮಾಡಿದರು. ನಾಲ್ಕು ಜನ ಕ್ಯಾಪ್ಟನ್ನುಗಳು. ಎಲ್ಲ ಊರಿನ ಆಟಗಾರರಲ್ಲಿ ಇಪ್ಪತ್ತನಾಲ್ಕು ಹೆಸರಿನ ಒಂದೇ ಪಟ್ಟಿ. ಒಬ್ಬೊಬ್ಬ ಕ್ಯಾಪ್ಟನ್ನಿಗೆ ಆರಾರು ಜನ, ಬದಲಿ ಆಟಗಾರನೂ ಸೇರಿ. ಯಾರು ಮೊದಲು ಆರಿಸಬೇಕು ಎನ್ನುವುದಕ್ಕೆ ಒಂದು ವಾರ ಮುಂಚೆ ಚೀಟಿ. ಕೂಗುವ ದಿನ ಇಪ್ಪತ್ತನಾಲ್ಕು ಜನವೂ ಶಾಲೆಯ ಜಗುಲಿಯಲ್ಲಿ ಸಾಲಾಗಿ ಕೂರಬೇಕು. ಕ್ಯಾಪ್ಟನ್ನು ಹೆಸರು ಕೂಗಿದರೆ ಎದ್ದು ಬಂದು ಅವನ ಹಿಂದೆ ನಿಲ್ಲಬೇಕು. ಒಂದು ಸುತ್ತು ಮುಗಿದರೆ ಮುಂದಿನ ಸುತ್ತು ಹಿಂದಿನಿಂದ ಶುರು. ಹೀಗಾಗಿ ಮೊದಲ ಚೀಟಿಯವನಿಗೆ ಮೊದಲ ಕೂಗು ಸಿಗುತ್ತಿತ್ತು, ಕಟ್ಟಕಡೆಯ ಕೂಗೂ ಅವನದೇ ಆಗುತ್ತಿತ್ತು.

ಮೇಷ್ಟ್ರು ಜಗಳ ತಪ್ಪಿಸಲು ಮಾಡಿದ್ದು ನಿಜ. ಆದರೆ ಯಾರನ್ನು ಎಷ್ಟನೆಯವನಾಗಿ ಕೂಗಿದರು ಎಂಬುದನ್ನು ಜನ ವರ್ಷವಿಡೀ ನೆನಪಿಟ್ಟುಕೊಳ್ಳುತ್ತಿದ್ದರು. ಹೆಣ್ಣು ಕೊಡುವವರು ಕೂಡ ಕೇಳುತ್ತಿದ್ದರಂತೆ. ಮೊದಲ ಕೂಗಿಗೆ ಎದ್ದವನಿಗೆ ಹೆಗಲಿಗೆ ಟವೆಲು ಹಾಕಿ, ಚೆಂಡನ್ನು ಅವನ ಕೈಗೆ ಕೊಡುತ್ತಿದ್ದರು. ಲಿಫ್ಟರುಗಳು ಸಾಧಾರಣವಾಗಿ ಮೂರನೆಯ ಸುತ್ತಿಗೋ ನಾಲ್ಕನೆಯ ಸುತ್ತಿಗೋ ಏಳುತ್ತಿದ್ದರು.

ಆ ವರ್ಷ ಮೊದಲ ಚೀಟಿ ನನಗೆ ಬಂತು. ಸುದ್ದಿ ಅವನಿಗೂ ಮುಟ್ಟಿತ್ತು. ನಮ್ಮ ಹೊಲದಲ್ಲೇ ಕೋಸು ತುಂಬುತ್ತಿದ್ದ. ನಾನು ಹತ್ತಿರ ಹೋದಾಗ ಎಸೆಯುತ್ತಲೇ ಕೇಳಿದ.

"ಬುದ್ದಿ, ಮೊದಲ್ನೆ ಕೂಗು ಯಾರ್ಗೆ?"

"ಯಾರ್ಗೆ ಅಂದ್ರೆ? ಯೋಚ್ನೆ ಮಾಡ್ಬೇಕು."

ಅವನು ಇನ್ನೆರಡು ಕೋಸು ಎಸೆದ. "ಸಾಯಾ ಒಳ್ಗೆ ಒಂದ್ಸಲ ಮೊದಲ್ನೆ ಕೂಗ್ಗೆ ಏಳ್ಬೇಕು ಅಂತ ಆಸೆ. ಟವೆಲ್ಗಲ್ಲ ಬುದ್ದಿ. ನನ್ ಮಗ್ಳು ನೋಡ್ಬೇಕು, ಅವ್ರಪ್ಪನ್ ಎಸ್ರ ಮೈಕ್ನಲ್ಲಿ ಮೊದ್ಲು ಕೂಗೋದ."

ನನಗೆ ಎದೆ ತುಂಬಿ ಬಂತು. ಸುಳ್ಳಲ್ಲ, ಆ ಗಳಿಗೆಯಲ್ಲಿ ನಿಜವಾಗಿಯೂ ತುಂಬಿ ಬಂತು. "ಈ ಸಲ ನಿನ್ ಎಸ್ರೇ ಮೊದ್ಲು. ಇದು ನನ್ ಮಾತು. ನೀನು ನಮ್ ಕಡೆಯವ್ನು ಕಣ್ಲಾ" ಅಂದೆ.

ಅವನ ಕೈಯಲ್ಲಿದ್ದ ಕೋಸು ಲಾರಿ ದಾಟಿ ಆಚೆ ಬದುವಿಗೆ ಹೋಗಿ ಬಿತ್ತು. ಅವನ ಗುರಿ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನ್ನ ಮಾತು ಬುದ್ಧಿಗೇಡಿತನವೂ ಆಗಿರಲಿಲ್ಲ. ಮಾರನೆಯ ದಿನ ಡ್ರಿಲ್ ಮೇಷ್ಟ್ರನ್ನೇ ಟೀ ಅಂಗಡಿಯಲ್ಲಿ ಕೇಳಿದೆ. "ಹೊಡೆಯೋರು ಪಟ್ಟೀಲಿ ಎಂಟು ಜನ ಇದ್ದಾರಪ್ಪ. ನಿಜವಾದ ಲಿಫ್ಟರು ಒಬ್ಬನೇ. ಅವನನ್ನ ಮೊದಲು ತಗೊಂಡರೆ ಸಾಧಾರಣ ಹೊಡೆತಗಾರನೂ ದೊಡ್ಡವನಾಗ್ತಾನೆ" ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಚಿಕ್ಕಪ್ಪನ ಮಗ ಮೇಷ್ಟ್ರು ಎದ್ದು ಹೋಗುವವರೆಗೆ ಸುಮ್ಮನಿದ್ದ. ಅವನು ಆಡುವವನಲ್ಲ, ಆಡಿಸುವವನು. ಎಲ್ಲ ಕ್ಯಾಪ್ಟನ್ನುಗಳ ಪಕ್ಕದಲ್ಲೂ ಅಂಥವನೊಬ್ಬ ಇರುತ್ತಾನೆ.

"ತಲೆ ಕೆಟ್ಟದೆ ಮೇಷ್ಟ್ರಿಗೆ. ಎತ್ಕೊಡೋನ್ನ ಮೊದಲ್ನೆ ಕೂಗ್ಗೆ ಕೂಗ್ತಾರೇನ್ಲಾ? ಅದೂ ನಮ್ ಒಲ್ದಲ್ಲಿ ಕೂಲಿ ಮಾಡೋನ್ನ? ದೊಡ್ಡಪ್ಪ ಮುಂದ್ಗಡೆ ಕುರ್ಚಿಲಿ ಕೂತಿರ್ತರೆ, ನೆನಪಿಟ್ಕೊ."

"ಮಾತು ಕೊಟ್ಟಿವ್ನಿ ಕಣೋ."

"ಮಾತು ಎಲ್ಗೋಯ್ತದೆ? ಅವ್ನ್ ಎಲ್ಗೋಯ್ತನೆ? ಅವ್ನ್ನ ಯಾರೂ ಕೂಗಲ್ಲ. ಅಸನೂರ್ನವ್ನ ಮೊದ್ಲು ಇಡ್ಕೊ. ಇವ್ನು ಎರಡ್ನೆ ಸುತ್ಗೆ ಬಿಟ್ಟಿ ಸಿಕ್ತನೆ."

ಹಾಸನೂರಿನವನು ಆರಡಿ ಮೇಲೆ ಮೂರಂಗುಲದ ಆಳು. ಅವನು ಹೊಡೆದರೆ ಚೆಂಡು ನೆಲಕ್ಕೆ ಬಿದ್ದು ಶಾಲೆಯ ಹೆಂಚಿಗೆ ಹೋಗುತ್ತಿತ್ತು.

ಕೂಗುವ ದಿನ ಅವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಬಂದು ಕಾಂಪೌಂಡಿನ ಪಕ್ಕ ನೆರಳಿನಲ್ಲಿ ಕೂತಿದ್ದಳು. ಮಗಳಿಗೆ ಎರಡು ಜಡೆ, ಕನಕಾಂಬರ. ಅವನು ಸಾಲಿನ ತುದಿಯಲ್ಲಿ ಕೂತಿದ್ದ. ಎದ್ದು ಬರಲು ಸಲೀಸಾಗಲಿ ಎಂದು ತುದಿ ಹಿಡಿದಿದ್ದನೋ ಏನೋ. ಮುಂದಿನ ಕುರ್ಚಿಯಲ್ಲಿ ನಮ್ಮಪ್ಪ ಕೂತಿದ್ದರು. ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೆ. ಅಪ್ಪನ ಮೇಲೆ ಈ ತಪ್ಪನ್ನು ಹೊರಿಸುವ ಹಾಗಿಲ್ಲ.

ಮೈಕು ನನ್ನ ಕೈಗೆ ಬಂತು. ಬಾಯಿಗೆ ಬಂದದ್ದು ಹಾಸನೂರಿನವನ ಹೆಸರು.

ಜನ ಕೇಕೆ ಹಾಕಿದರು. ನಾನು ನೋಡಬಾರದಿತ್ತು, ನೋಡಿದೆ. ಅವನು ಒಂದು ಕೈ ಜಗುಲಿಗೆ ಊರಿ ಆಗಲೇ ಅರ್ಧ ಎದ್ದಿದ್ದ. ಬೇರೆ ಹೆಸರು ಕೇಳಿದ ಮೇಲೆ ಪಂಚೆಯ ಹಿಂದಿನ ಮಣ್ಣು ಕೊಡವುವವನಂತೆ ಎರಡು ಸಲ ತಟ್ಟಿಕೊಂಡ. ಮತ್ತೆ ಕೂತ. ಕಾಂಪೌಂಡಿನ ಕಡೆ ಅವನೂ ತಿರುಗಲಿಲ್ಲ, ನಾನೂ ತಿರುಗಲಿಲ್ಲ.

ಮಿಕ್ಕ ಮೂವರು ಕ್ಯಾಪ್ಟನ್ನುಗಳು ಒಬ್ಬೊಬ್ಬರು ಎರಡೆರಡು ಹೆಸರು ಕೂಗಿದರು. ಆರು ಕೂಗಿನಲ್ಲಿ ಅವನ ಹೆಸರಿರಲಿಲ್ಲ. ಸರದಿ ನನಗೆ ಬಂತು, ಒಟ್ಟಿಗೆ ಎರಡು ಕೂಗು. ಈಗ ಕೂಗಿಬಿಡೋಣ ಎಂದು ಬಾಯಿ ತೆರೆದೆ. ಚಿಕ್ಕಪ್ಪನ ಮಗ ಬೆನ್ನ ಹಿಂದಿನಿಂದ ಪಿಸುಗುಟ್ಟಿದ. "ನಾನ್ ಏಳ್ಲಿಲ್ವಾ? ಯಾರ್ಗೂ ಬ್ಯಾಡ ಅವ್ನು. ಬ್ಯಾಡ್ದೆ ಇರೋನ್ಗೆ ಕೂಗ್ ಯಾಕ್ ಸುಮ್ಕೆ ಕಳೀತೀಯ? ಒಳ್ಳೆ ತಡೆಯೋರ್ ಇಬ್ರು ಉಳ್ದವ್ರೆ, ಅವ್ರ್ನ ತಗೊ." ಲೆಕ್ಕ ಸರಿಯಾಗಿಯೇ ಇತ್ತು. ಹಾಗೆ ನಾಲ್ಕನೆಯ ಸುತ್ತು, ಐದನೆಯ ಸುತ್ತು. ಒಂದೊಂದು ಸುತ್ತಿಗೂ ನನ್ನ ಜಾಣತನ ಹೆಚ್ಚುತ್ತಾ ಹೋಯಿತು. ಜಗುಲಿ ಖಾಲಿಯಾಗುತ್ತಾ ಹೋಯಿತು.

ಕಡೆಯ ಕೂಗು ನನ್ನದು. ಜಗುಲಿಯ ಮೇಲೆ ಅವನೊಬ್ಬನೇ ಇದ್ದ. ಇಪ್ಪತ್ತಮೂರು ಜನ ಎದ್ದು ಹೋದ ಉದ್ದದ ಜಗುಲಿಯ ತುದಿಯಲ್ಲಿ, ಹೊಸ ಅಂಗಿಯಲ್ಲಿ. ಉಳಿದವನು ಅವನೊಬ್ಬನೇ ಆದ್ದರಿಂದ ನಾನು ಮೈಕನ್ನು ಆಗಲೇ ಕೆಳಗಿಟ್ಟಿದ್ದೆ. ಬಾ ಎಂದು ಕೈ ಮಾಡಿದೆ. ಹೆಸರನ್ನೂ ಕೂಗಲಿಲ್ಲ.

ಅವನು ಬಂದು ನನ್ನ ಹಿಂದೆ ನಿಂತ.

ನಾವು ಗೆದ್ದೆವು. ಇದನ್ನು ಬರೆಯದಿದ್ದರೆ ಮೋಸ. ಅವನು ಒಂದು ಚೆಂಡನ್ನೂ ಕೆಡಿಸಲಿಲ್ಲ, ಸಿಟ್ಟಿಗೆ ಒಂದನ್ನಾದರೂ ಕೆಡಿಸಿದ್ದರೆ ನನಗೆ ಉಸಿರಾಡಲು ಜಾಗವಿರುತ್ತಿತ್ತು. ನನ್ನ ಮಂಡಿಗೆ ಎಷ್ಟು ಬೇಕೋ ಅಷ್ಟೇ ಎತ್ತರಕ್ಕೆ, ಹಾಸನೂರಿನವನಿಗೆ ಬಲೆಯಿಂದ ಎಷ್ಟು ದೂರ ಬೇಕೋ ಅಷ್ಟೇ ದೂರಕ್ಕೆ ಎತ್ತಿಕೊಟ್ಟ. ಆದರೆ ಮೊದಲನೆಯ ಆಟದ ಮೊದಲನೆಯ ಚೆಂಡಿಗೇ ಕೂಗಿದ್ದು "ಬುದ್ದೀ, ನಿಮ್ದು!" ಎಂದು. ನಾನು ನೆಗೆಯುವುದನ್ನೇ ಮರೆತೆ. ಸುಣ್ಣದ ಗೆರೆಯೊಳಗೆ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಪಂದ್ಯ ಮುಗಿಯುವವರೆಗೆ ಬುದ್ದಿ, ಬುದ್ದಿ, ಬುದ್ದಿ. ಬೈಗುಳ ಒಂದೂ ಇಲ್ಲ. ನೀರು ಕೊಟ್ಟಾಗ ಚೆಂಬು ಮುಟ್ಟದೆ ಬೊಗಸೆ ಒಡ್ಡಿದ.

ಮುಂದಿನ ವರ್ಷದ ಪಟ್ಟಿಗೆ ಅವನು ಹೆಸರು ಕೊಡಲಿಲ್ಲ. ಕೇಳಿದ್ದಕ್ಕೆ "ಸೊಂಟ ಇಡ್ಕತದೆ ಬುದ್ದಿ" ಅಂದ. ಆ ಸೊಂಟದಲ್ಲೇ ಅದೇ ವಾರ ನಮ್ಮ ಎರಡು ಲಾರಿ ಕೋಸು ತುಂಬಿದ. ನಾನು ಒಂದು ಸಲ, ಒಂದೇ ಒಂದು ಸಲ, ಮಾತು ತೆಗೆದೆ. "ಆವತ್ತು ನಾನು..." ಎನ್ನುವಷ್ಟರಲ್ಲಿ ಅವನು ನಕ್ಕುಬಿಟ್ಟ.

"ಅದ್ನ್ಯಾಕೆ ಈಗ ಎತ್ತೀರಿ ಬುಡಿ ಬುದ್ದಿ. ನೀವೇ ಏಳಿದ್ರಲ್ಲ, ನಾನು ನಿಮ್ ಕಡೆಯವ್ನು ಅಂತ."

ಅದನ್ನು ಅವನು ಯಾವ ಅರ್ಥದಲ್ಲಿ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಮುಖದಲ್ಲಿ ಕುಹಕವಿರಲಿಲ್ಲ. ನನ್ನ ಕಾಲು ನೋಡುತ್ತಿದ್ದ. ನಾನು ಆ ಮಾತು ಅಲ್ಲಿಗೇ ಮುಗಿಯಿತೆಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ. ಕ್ಷಮಿಸು ಎಂಬ ಪದ ನನ್ನ ಬಾಯಿಂದ ಬರಲಿಲ್ಲ. ಬರಬಹುದಾಗಿದ್ದ ದಿನಗಳು ಐದು ವರ್ಷದಷ್ಟಿದ್ದವು.

ಮಣ್ಣಿಗೆ ಹೋಗುವಾಗ ಗೆಟ್ಟವಾಡಿಯ ಗೆಳೆಯನನ್ನು ಬೈಕಿನ ಹಿಂದೆ ಕೂರಿಸಿಕೊಂಡಿದ್ದೆ. ಆ ವರ್ಷ ಎರಡನೆಯ ಚೀಟಿ ಬಂದಿದ್ದ ಕ್ಯಾಪ್ಟನ್ನು ಅವನೇ. ಹೊಲದ ದಾರಿಯಲ್ಲಿ ನಿಧಾನಕ್ಕೆ ಹೋಗುತ್ತಿದ್ದೆವು. ತಡೆಯಲಾರದೆ ನಾನೇ ಕೇಳಿದೆ, "ಆ ವರ್ಷ ನೀವ್ ಯಾರೂ ಅವ್ನ್ನ ಯಾಕ್ಲಾ ಕೂಗ್ನಿಲ್ಲ? ಅಂಥ ಲಿಪ್ಟ್ರು ನಿಮ್ಗೂ ಬ್ಯಾಡ್ವಾಗಿದ್ನಾ?"

"ಬ್ಯಾಡ್ವಾ? ನೀನು ಅಸನೂರ್ನವ್ನ ಕೂಗ್ದೇಟ್ಗೆ ನನ್ ಬಾಯ್ಗೆ ಬಂದದ್ದೇ ಇವ್ನ್ ಎಸ್ರು ಕಣ್ಲಾ. ನುಂಗ್ಕಂಡೆ."

"ಯಾಕ್ಲಾ?"

"ಯಾಕೆ ಅಂದ್ರೆ? ಅಣ್ಣ ಮಾತ್ ಕೊಟ್ಟವ್ರೆ, ಈ ಸಲ ನಾನು ಅವ್ರ್ ಕಡೆಯವ್ನು ಅಂತ ಒಂದ್ವಾರ ಊರೂರ್ಗೆಲ್ಲ ಏಳ್ಕಂಡ್ ತಿರ್ಗಿದ್ನಲ್ಲ. ಇನ್ನೊಬ್ರು ಮಾತ್ ಕೊಟ್ಟಿರೋ ಆಳ್ನ ನಡೂವೆ ಕೂಗದು ಮರ್ವಾದೆನಾ? ಮೂರ್ ಜನಾನೂ ಅಂಗೇ ಬುಟ್ಟೊ. ಈ ಸುತ್ಗೆ ಕೂಗ್ತನೆ, ಈ ಸುತ್ಗೆ ಕೂಗ್ತನೆ ಅಂತ ನೋಡ್ತಾನೇ ಇದ್ದೊ. ನೀನ್ ಕೂಗ್ನಿಲ್ಲ."

ಬೈಕು ನಿಲ್ಲಿಸಿದೆ. ಕಾಲು ನೆಲಕ್ಕೆ ಊರಿದೆ. ಯಾರಿಗೂ ಬೇಡದವನು ಎಂದು ನಾನು ಸುತ್ತಿನ ಮೇಲೆ ಸುತ್ತು ಲೆಕ್ಕ ಹಾಕಿದ್ದೆನಲ್ಲ, ಅವನು ಎಲ್ಲರಿಗೂ ಬೇಕಾಗಿದ್ದ. ನಾನು ಮಾತೇ ಕೊಟ್ಟಿರದಿದ್ದರೆ ಅವನು ಎರಡನೆಯ ಕೂಗಿಗೆ ಎದ್ದು ನಿಲ್ಲುತ್ತಿದ್ದ. ಮಗಳು ನೋಡುತ್ತಿದ್ದಳು. ಅವನನ್ನು ಕಡೆಯವರೆಗೆ ಕೂರಿಸಿದ್ದು ನನ್ನ ಮಾತು, ಮತ್ತು ಆ ಮಾತಿಗೆ ಊರೆಲ್ಲ ಕೊಟ್ಟ ಮರ್ಯಾದೆ. ಮರ್ಯಾದೆ ಕೊಡದವನು ನಾನೊಬ್ಬನೇ.

ಗುಂಡಿಯ ಬಳಿ ಜನ ಸೇರಿದ್ದರು. ಕೇರಿಯ ಯಜಮಾನ ಗಟ್ಟಿಯಾಗಿ ಕೂಗಿದ. "ಅವ್ನ್ ಕಡೆಯೋರು ಒಬ್ಬೊಬ್ರೆ ಬಂದು ಮಣ್ಣಾಕಿ." ಆಮೇಲೆ ನನ್ನನ್ನು ಕಂಡ. "ಬುದ್ದೀ, ನೀವು ಬಂದಿದ್ದೀರಾ. ಮೊದ್ಲು ನೀವ್ ಬನ್ನಿ." ಜನ ದಾರಿ ಬಿಟ್ಟರು. ಅವನ ಒಡಹುಟ್ಟಿದ ತಮ್ಮ ಕೂಡ ಹಿಂದಕ್ಕೆ ಸರಿದ. ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಮಗಳು ನೋಡಲಿಲ್ಲ.

"ನಾನು ಆಮೇಲೆ" ಅಂದೆ. ಸಾಲಿನ ಹಿಂದಕ್ಕೆ ಹೋಗಿ ನಿಂತೆ. ನನ್ನ ಹಿಂದೆ ಯಾರೋ ಬಂದು ನಿಂತರು. ಅವರಿಗೂ ಹಿಂದೆ ಹೋದೆ. ಇನ್ನಿಬ್ಬರು ಬಂದರು, ಮತ್ತೆ ಸರಿದೆ. ಯಜಮಾನನಿಗೆ ಇದೇನೆಂದು ಅರ್ಥವಾಗಲಿಲ್ಲ. ಈ ಒಂದು ಸಾಲಿನಲ್ಲಾದರೂ ನಾನು ಕಡೆಯವನಾಗಬೇಕು ಎಂಬ ಹಟ ನನ್ನದು.

ಸಾಲು ಕರಗಿತು. ನನ್ನ ಮುಂದೆ ಇಬ್ಬರೇ ಉಳಿದಿದ್ದಾಗ ಒಬ್ಬ ಮುದುಕಿ ಏದುಸಿರು ಬಿಡುತ್ತಾ ಬಂದು ನನ್ನ ಪಕ್ಕ ನಿಂತಳು. ಅವನ ಹೆಂಡತಿಯ ಸೋದರತ್ತೆಯಂತೆ, ಗಡಿಯಾಚೆಯ ಊರಿನವಳು, ಬಸ್ಸು ತಡವಾಯಿತಂತೆ. ನನ್ನ ಗುರುತು ಅವಳಿಗಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

"ನೀವ್ ಯಾರ್ ಕಡೆಯೋರಪ್ಪ?"

"ಅವ್ನ್ ಕಡೆಯವ್ನು ಕಣವ್ವ."

ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಪಾಪ ಎನ್ನುವಂತೆ ತಲೆದೂಗಿದಳು. "ಅಂಗಾರೆ ನೀವು ಮುಂದೆ ನಿಂತ್ಕಳಿ. ಅತ್ರದೋರು ಮೊದ್ಲು ಆಕ್ಬೇಕು. ನಾನು ದೂರ್ದೋಳು, ಆಮೇಲ್ ಆಕ್ತೀನಿ" ಎಂದು ಮುಂಗೈ ಹಿಡಿದು ನನ್ನನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

ಬೇಡ ಎನ್ನಬೇಕಿತ್ತು. ಆವತ್ತಿನಂತೆಯೇ ಬಾಯಿ ಬರಲಿಲ್ಲ. ಮುಂದೆ ಹೋಗಿ ನಿಂತೆ.